ಗೌರವ ಪೋಷಕರು: ಘಟ್ಟ ಹತ್ತಿ ಬಂದ ಗೃಹಸ್ಥರೊಬ್ಬರ ಪ್ರಕರಣ

ಶಿರಸಿ ತಾಲ್ಲೂಕಿನ ಒಂದು ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎಲ್ಲರಿಗಿಂತ ಹೆಚ್ಚು ದೇಣಿಗೆ ಕೊಟ್ಟ ಗೃಹಸ್ಥರೊಬ್ಬರು, ಪುನಃಪ್ರತಿಷ್ಠೆಯ ಕಾರ್ಯಕ್ರಮ ಮುಗಿದು ಹೊಸ ಆಡಳಿತ ಸಮಿತಿಯ ಪಟ್ಟಿ ಹೊರಬಿದ್ದ ವಾರದಿಂದ ಮನೆಯ ಗೇಟು ದಾಟುವುದನ್ನೇ ಬಿಟ್ಟರು. ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲವೆಂದಲ್ಲ. ಅಧ್ಯಕ್ಷರ ಹೆಸರಿಗಿಂತಲೂ ಮೇಲೆ, ದಪ್ಪ ಅಕ್ಷರದಲ್ಲಿ, ‘ಗೌರವ ಪೋಷಕರು’ ಎಂಬ ತಲೆಬರಹದ ಕೆಳಗೆ ಅವರೊಬ್ಬರದೇ ಹೆಸರು ಇತ್ತು. ಅವರು ಎದುರುನೋಡಿದ್ದು ಪಟ್ಟಿಯ ಕೆಳಗಿನ ಸದಸ್ಯರ ಸಾಲಿನಲ್ಲಿ ಒಂದು ಜಾಗವನ್ನು, ಅಂದರೆ ತಿಂಗಳಿಗೊಂದು ಸಂಜೆ ದೇವಸ್ಥಾನದ ಚಂದ್ರಶಾಲೆಯಲ್ಲಿ ಕುಳಿತು ದೀಪದ ಎಣ್ಣೆಯ ಲೆಕ್ಕಕ್ಕೂ ಹೂವಿನ ಬಾಬತ್ತಿಗೂ ಜಗಳವಾಡುವವರ ನಡುವಿನ ಜಾಗವನ್ನು. “ನಂಗೆ ಮೇಲೆ ಬೇಡಾಗಿತ್ತು ಸರ್, ಒಳಗೆ ಬೇಕಾಗಿತ್ತು” ಎಂದು ಅವರು ಮೊದಲ ಭೇಟಿಯಲ್ಲೇ ಹೇಳಿದರು. ಈ ಪ್ರಕರಣದಲ್ಲಿ ಬಿಡಿಸಬೇಕಾದ ಗಂಟು ಇದೇ.

ಪ್ರಕರಣ ನನ್ನ ಬಳಿಗೆ ಬಂದದ್ದು ಅವರ ಪತ್ನಿಯ ಮೂಲಕ. ನಾನು ಸಮಾಜಶಾಸ್ತ್ರ ಕಲಿಸಿ ನಿವೃತ್ತನಾದವನು. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ನಿದ್ರೆಯಿಲ್ಲದ್ದಕ್ಕೂ ಊಟ ಸೇರದ್ದಕ್ಕೂ ವೈದ್ಯರ ಚಿಕಿತ್ಸೆ ಬೇರೆಯಾಗಿ ನಡೆದಿತ್ತು, ನಾನು ಮಾಡಿದ್ದು ಮಾತುಕತೆ ಮಾತ್ರ. ಗೃಹಸ್ಥರ ಮತ್ತು ಮನೆಯವರ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಜಾತಿಯ ಹೆಸರನ್ನು ಬರೆದಿಲ್ಲ. ಬರೆಯದ ಮಾತ್ರಕ್ಕೆ ಜಾತಿ ಇಲ್ಲಿ ಲೆಕ್ಕಕ್ಕಿಲ್ಲವೆಂದು ಓದುಗರು ಭಾವಿಸಬಾರದು. ಉತ್ತರ ಕನ್ನಡದ ಘಟ್ಟದ ಮೇಲಿನ ಊರುಗಳಲ್ಲಿ ಅದು ಲೆಕ್ಕಕ್ಕಿಲ್ಲದ ಒಂದೇ ಒಂದು ಜಗಲಿಯನ್ನೂ ನಾನು ಕಂಡಿಲ್ಲ. ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹುಟ್ಟಿದ್ದು ಅಡಿಕೆ ತೋಟದ ಮನೆಯಲ್ಲಿ. ಯಾರು ಈ ಗೃಹಸ್ಥರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವೋ ಅವರು ನನ್ನ ನೆಂಟರು, ನೆರೆಯವರು, ಸಹಪಾಠಿಗಳು.

ಹಿನ್ನೆಲೆ

ಗೃಹಸ್ಥರು ಹುಟ್ಟಿ ಬೆಳೆದದ್ದು ಕಾರವಾರಕ್ಕೂ ಅಂಕೋಲೆಗೂ ನಡುವಿನ ಕಡಲಂಚಿನ ಊರೊಂದರಲ್ಲಿ. ಮನೆಮಾತು ಕೊಂಕಣಿ, ಸ್ವಲ್ಪ ಗದ್ದೆ, ಒಂದಿಷ್ಟು ತೆಂಗು, ಮಳೆಗಾಲದ ಕೆಲವು ವಾರ ಬಿಟ್ಟರೆ ದಿನವೂ ಮೀನು. 1986ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟಾಗ ಅವರು ಹೈಸ್ಕೂಲಿನಲ್ಲಿದ್ದರು. ಅಲ್ಲಿಂದ 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡುವವರೆಗಿನ ಎರಡು ದಶಕ ಈ ಕರಾವಳಿಯ ಸಾವಿರಾರು ಕುಟುಂಬಗಳ ಪಾಲಿಗೆ ನೋಟಿಸು, ಅಳತೆ, ಪಂಚನಾಮೆ, ಪರಿಹಾರದ ಆದೇಶ, ಹೆಚ್ಚುವರಿ ಪರಿಹಾರದ ದಾವೆ, ಪುನರ್ವಸತಿ ಕಾಲೊನಿಯ ಸೈಟು ಎಂಬ ಸರಣಿಯಲ್ಲೇ ಕಳೆದುಹೋಯಿತು. ನಿರಾಶ್ರಿತರೆಂಬ ಹೆಸರು ಹೊತ್ತು ತೋಡೂರು, ಹಾರವಾಡ ಮೊದಲಾದ ಕಡೆಯ ಕಾಲೊನಿಗಳಿಗೆ ಹೋದವರಲ್ಲಿ ಎಷ್ಟೋ ಹಿರಿಯರು ಕೋರ್ಟಿನ ಹೆಚ್ಚುವರಿ ಮೊತ್ತಕ್ಕೆ ಕಾಯುತ್ತಲೇ ತೀರಿಕೊಂಡರು. ಇವರ ತಂದೆಯೂ ಅವರಲ್ಲೊಬ್ಬರು.

ತಂದೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಟ್ಟೆಯ ಚೀಲದಲ್ಲಿ ಪಹಣಿ, ನಕಾಶೆ, ಅರ್ಜಿಗಳ ನಕಲು ತುಂಬಿಕೊಂಡು ಅವರು ಕಾರವಾರಕ್ಕೆ ಹೋಗುವಾಗ ಓದಿ ಹೇಳಲು ಮಗನನ್ನು ಕರೆದೊಯ್ಯುತ್ತಿದ್ದರು. ಕಚೇರಿಯ ಮೊಗಸಾಲೆಯಲ್ಲಿ ನಿಂತು, ತನ್ನ ಮಗನಿಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವನಾಗಿದ್ದ ಗುಮಾಸ್ತನೊಬ್ಬನಿಗೆ ಅಪ್ಪ ಕೈಮುಗಿದದ್ದನ್ನೂ, ಅವನು ತಲೆ ಎತ್ತದೆಯೇ ‘ಮುಂದಿನ ವಾರ’ ಎಂದದ್ದನ್ನೂ ಗೃಹಸ್ಥರು ನನಗೆ ಬೇರೆ ಬೇರೆ ಸಂದರ್ಭಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಪ್ರತಿ ಬಾರಿಯೂ ಆ ಮಾತು ಒಂದೇ ಕಡೆ ಮುಗಿಯುತ್ತಿತ್ತು: ಅಂದಿನಿಂದ ಯಾರ ಮುಂದೆಯೂ ಏನನ್ನೂ ಕೇಳಬಾರದೆಂದು ಅವರು ನಿಶ್ಚಯಿಸಿದ್ದರು. ಮೊದಲು ನಾನು ಇದನ್ನು ಸ್ವಾಭಿಮಾನಿ ಮನುಷ್ಯನೊಬ್ಬನ ಸಹಜ ಮಾತೆಂದು ಬರೆದುಕೊಂಡು ಮುಂದೆ ಹೋಗಿದ್ದೆ. ಅದರ ತೂಕ ಗೊತ್ತಾದದ್ದು ಆಮೇಲೆ.

ಹಣ ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಬಹುದು. ಕೊಂಕಣ ರೈಲಿನ ಕಾಮಗಾರಿಯಲ್ಲಿ ಮಣ್ಣು ಹೊಡೆಯುವ ಟಿಪ್ಪರಿಗೆ ಕ್ಲೀನರ್ ಆಗಿ ಸೇರಿದ ಇವರು, 1998ರಲ್ಲಿ ಆ ದಾರಿಯಲ್ಲಿ ರೈಲು ಓಡುವ ಹೊತ್ತಿಗೆ ಹಳೆಯ ಲಾರಿಯೊಂದರ ಮಾಲೀಕರಾಗಿದ್ದರು. ಮುಂದೆ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಅರಬೈಲು ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಹಗಲೂ ರಾತ್ರಿ ಹರಿದು ಬಂದ ವರ್ಷಗಳಲ್ಲಿ ಒಂದು ಲಾರಿ ಹಲವಾಯಿತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಬಂದರುಗಳ ಮೂಲಕ ಅದಿರು ರಫ್ತು ಮಾಡುವುದನ್ನು ನಿಷೇಧಿಸಿತು. ಅದಕ್ಕೆ ಮುಂಚೆಯೇ ಗಾಳಿ ನೋಡಿ ಇವರು ಹೆಚ್ಚಿನ ಲಾರಿಗಳನ್ನು ಮಾರಿಬಿಟ್ಟಿದ್ದರು. ಟನ್ನಿನ ಬಾಡಿಗೆಗೆ ಲಾರಿ ಓಡಿಸಿದ್ದರ ಹೊರತು ಇವರು ಬೇರೇನೂ ಮಾಡಿದವರಲ್ಲ, ತೆರಿಗೆಯ ಕಾಗದಗಳು ಸರಿಯಾಗಿಯೇ ಇವೆ. ಆದರೂ ಶಿರಸಿಯಲ್ಲಿ ಮನೆ ಕಟ್ಟಿಸಿದ ದಿನದಿಂದ ಇವರ ಬೆನ್ನ ಹಿಂದೆ ‘ಅದಿರಿನ ದುಡ್ಡು’ ಎಂಬ ಮಾತು ಓಡಾಡಿತು. ಅಡಿಕೆ ದರ ಯಾರೂ ಎಣಿಸದಷ್ಟು ಏರಿದ 2014ರಲ್ಲಿ ನಮ್ಮ ತೋಟಗಳಿಗೆ ಬಂದ ದುಡ್ಡನ್ನು ಯಾರೂ ಹಾಗೆ ಹೆಸರಿಟ್ಟು ಕರೆಯಲಿಲ್ಲ ಎಂಬುದನ್ನು ನನ್ನವರಿಗೆ ನೆನಪಿಸಬೇಕೆನ್ನಿಸುತ್ತದೆ.

ಅವರು ತಟ್ಟಿದ ಬಾಗಿಲು

ಶಿರಸಿ ಸೀಮೆಯ ಉಳ್ಳವರ ಕೂಟವನ್ನು ಬೆಂಗಳೂರಿನ ಕ್ಲಬ್ಬುಗಳ ಅಳತೆಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಇಲ್ಲಿ ಸದಸ್ಯತ್ವದ ಶುಲ್ಕವಿಲ್ಲ, ದ್ವಾರಪಾಲಕನಿಲ್ಲ. ಕೆಲವು ಹತ್ತು ಮನೆತನಗಳು ಇವೆ. ಸೊಸೈಟಿಯ ಆಡಳಿತ ಮಂಡಳಿ, ದೇವಸ್ಥಾನದ ಸಮಿತಿ, ಶಾಲೆಯ ಆಡಳಿತ, ಯಕ್ಷಗಾನದ ಸಂಘಟನೆ, ಯಾವುದನ್ನು ತೆಗೆದು ನೋಡಿದರೂ ಅವೇ ಮನೆಗಳ ಹೆಸರು ಸುತ್ತಿ ಸುತ್ತಿ ಬರುತ್ತವೆ. ಈ ಮನೆಗಳ ಶ್ರೀಮಂತಿಕೆ ಕಣ್ಣಿಗೆ ಕಾಣುವಂಥದ್ದಲ್ಲ. ನೂರು ಕ್ವಿಂಟಲ್ ಅಡಿಕೆಯ ಯಜಮಾನ ಮಾಸಿದ ಪಂಚೆಯುಟ್ಟು, ಹಳೆಯ ಸ್ಕೂಟರಿನ ಮುಂದೆ ಹಿಂಡಿಯ ಚೀಲ ಇಟ್ಟುಕೊಂಡು ಪೇಟೆಯಿಂದ ಬರುತ್ತಾನೆ, ಮತ್ತು ಹಾಗೆ ಬರುವುದರಲ್ಲೇ ಅವನ ಠೀವಿ ಇದೆ.

ತೋಟವೆಂದರೂ ಬರಿಯ ಅಡಿಕೆ ಮರಗಳ ನೆಲವಲ್ಲ. ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಹಕ್ಕು, ಎಕರೆ ತೋಟಕ್ಕೆ 9 ಎಕರೆವರೆಗೆ, ಆ ತೋಟಕ್ಕೆ ಅಂಟಿಕೊಂಡೇ ಇರುತ್ತದೆ. ಮೇಲಿನ ತೋಟದ ಬಸಿಗಾಲುವೆ ಕೆಳಗಿನ ತೋಟದೊಳಗೆ ಹಾಯುತ್ತದೆ. ಒಂದು ಊರಿಗೆ ಒಬ್ಬನೋ ಇಬ್ಬರೋ ಇರುವ, ಅಡಿಕೆ ಮರ ಹತ್ತುವ ಕೊನೆಗೌಡರನ್ನು ಕೊಯ್ಲಿಗೂ ಮದ್ದು ಹೊಡೆಯುವುದಕ್ಕೂ ಎಲ್ಲರೂ ಸರದಿಯಲ್ಲಿ ಹಂಚಿಕೊಳ್ಳಬೇಕಾಗುತ್ತದೆ. ದಲಾಲರ ಹಿಡಿತದಿಂದ ಬೆಳೆಗಾರರನ್ನು ಬಿಡಿಸಲು 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರರ ಮಾರಾಟ ಸಹಕಾರಿ ಸಂಘ ಮತ್ತು ಅದರ ಜೊತೆಗೂ ಹಿಂದೆಯೂ ಬೆಳೆದ ಊರೂರಿನ ಸೊಸೈಟಿಗಳು ಈ ಹಂಚಿಕೆಗೆ ಲೆಕ್ಕಪುಸ್ತಕದ ರೂಪ ಕೊಟ್ಟವು. ಒಬ್ಬನ ಸಾಲಕ್ಕೆ ಮತ್ತೊಬ್ಬನ ಜಾಮೀನು ಸಹಿ, ಅವನ ಸಾಲಕ್ಕೆ ಇವನದು. ನಾಲ್ಕು ತಲೆಮಾರಿನಿಂದ ಹೀಗೆ ಒಬ್ಬರ ಬಾಕಿ ಇನ್ನೊಬ್ಬರಲ್ಲಿ ಉಳಿದೇ ಇದೆ. ಯಾರ ಲೆಕ್ಕವೂ ಚುಕ್ತಾ ಆಗಿಲ್ಲ, ಆಗುವುದು ಯಾರಿಗೂ ಬೇಕಾಗಿಲ್ಲ.

ಗೃಹಸ್ಥರು 2016ರಲ್ಲಿ ಇಂಥದೊಂದು ತೋಟವನ್ನು, ಅಕ್ಕಪಕ್ಕದವರು ಹುಬ್ಬೇರಿಸುವಷ್ಟು ದರ ಕೊಟ್ಟು, ಖರೀದಿಸಿದರು. ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳು ಆಗ ಇನ್ನೂ ಜಾರಿಯಲ್ಲಿದ್ದವು; 2020ರಲ್ಲಷ್ಟೇ ಅವು ಹೋದವು. ತಾನು ಕೃಷಿಕ ಎಂದು ತೋರಿಸಲು ಇವರು ಹಾಜರುಪಡಿಸಿದ್ದು ಸ್ವಾಧೀನದಿಂದ ಉಳಿದುಕೊಂಡಿದ್ದ ಎಂಟು ಗುಂಟೆ ಗದ್ದೆಯ ಪಹಣಿಯನ್ನು. ಅಪ್ಪನ ಬಟ್ಟೆಯ ಚೀಲದಲ್ಲಿದ್ದ ಕಾಗದಗಳಲ್ಲಿ ಕೊನೆಗೂ ಕೆಲಸಕ್ಕೆ ಬಂದದ್ದು ಅದೊಂದೇ.

ಶಾಲುಗಳು

ತೋಟ ಕೊಂಡ ಮೇಲಿನ ಆರೇಳು ವರ್ಷಗಳಲ್ಲಿ ಗೃಹಸ್ಥರು ಮಾಡಿದ್ದನ್ನೆಲ್ಲ ಬರೆದರೆ ಅದು ದೇಣಿಗೆಗಳ ಪಟ್ಟಿಯಾಗುತ್ತದೆ. ಶಾಲೆಗೆ ಕೊಠಡಿ, ಊರಿನ ರಸ್ತೆಗೆ ಜಲ್ಲಿ, ಮೇಳ ಬಂದಾಗ ಆಟದ ಖರ್ಚು, ದೇವಸ್ಥಾನದ ತಾಮ್ರದ ಹೊದಿಕೆಯಲ್ಲಿ ದೊಡ್ಡ ಪಾಲು. ಪ್ರತಿಯೊಂದಕ್ಕೂ ಸನ್ಮಾನ ನಡೆಯಿತು. ಅವರ ಮನೆಯ ಮಲಗುವ ಕೋಣೆಯಲ್ಲಿ ಒಂದು ಬೀರುವಿನ ತುಂಬ ಶಾಲುಗಳಿವೆ; ಪತ್ನಿ ಅದನ್ನು ತೆರೆದು ತೋರಿಸಿ, “ಹೊದ್ಕಳ್ಳುಕೆ ಬರೂದಿಲ್ಲ, ಒರಸೂಕೂ ಬರೂದಿಲ್ಲ” ಎಂದರು.

ತೋಟಿಗರ ಮನೆಗಳಲ್ಲಿ ಶಾಲು ಹೊದೆಸಿಕೊಂಡವರು ಇಲ್ಲವೆಂದಲ್ಲ. ಆದರೆ ಊರಿನೊಳಗೆ, ಊರಿನ ಕೆಲಸಕ್ಕೆ, ಊರಿನವನಿಗೆ ಶಾಲು ಹೊದೆಸುವ ರೂಢಿ ಕಡಿಮೆ. ಅವನು ಬಂದು ಚಪ್ಪರದ ಗಳ ಹಿಡಿಯುತ್ತಾನೆ, ಹಿಂದಿನ ರಾತ್ರಿ ತರಕಾರಿ ಹೆಚ್ಚುತ್ತಾನೆ, ಬಡಿಸುತ್ತಾನೆ, ಬೈಸಿಕೊಳ್ಳುತ್ತಾನೆ. ಅವನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಾಗಲೂ ಹಾಗೆಯೇ: ಬಾಬುದಾರರ ಮನೆತನಗಳಿಗೆ ಇಂತಿಂಥ ಸೇವೆ ಎಂದು ಗೊತ್ತುಪಡಿಸಿರುತ್ತದೆ, ಜಾತ್ರೆಯಲ್ಲಿ ಅವರ ಸ್ಥಾನ ನಿಂತಿರುವುದು ಆ ಕೆಲಸದ ಮೇಲೆ. ನಮ್ಮ ಗೃಹಸ್ಥರಿಗೆ ಊರು ಸನ್ಮಾನ ಕೊಟ್ಟಿತು, ಕೆಲಸ ಕೊಡಲಿಲ್ಲ. ಪ್ರತಿ ಶಾಲಿನೊಂದಿಗೆ ಅವರು ಇನ್ನಷ್ಟು ಅತಿಥಿಯಾದರು. ಹೊದೆಸಿದವರಲ್ಲಿ ಕೆಲವರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು ಎಂದು ನಾನು ಅನುಮಾನವಿಲ್ಲದೆ ಹೇಳಬಲ್ಲೆ.

ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಒಂದು ರಾತ್ರಿ ನಾನೇ ಇದ್ದೆ. ಹಳೆಯ ಮನೆಯೊಂದರ ಹೊರಜಗಲಿಯಲ್ಲಿ ಭಾಗವತರು, ಅರ್ಥಧಾರಿಗಳು. ಅವರ ಸುತ್ತ ಜಮಖಾನೆಯ ಮೇಲೆ ಒತ್ತೊತ್ತಾಗಿ ಕುಳಿತ ಇಪ್ಪತ್ತು ಮೂವತ್ತು ಮಂದಿ. ಗೃಹಸ್ಥರು ಇಸ್ತ್ರಿಯ ಬಿಳಿ ಪಂಚೆ, ಜರಿಯಂಚಿನ ಶಲ್ಯದಲ್ಲಿ ಬಂದರು. ಯಜಮಾನರು ಎದ್ದು ನಿಂತು “ಬನ್ನಿ, ಬನ್ನಿ, ದಯವಿಟ್ಟು ಕುಳಿತುಕೊಳ್ಳಿ” ಎಂದು ಪುಸ್ತಕದ ಕನ್ನಡದಲ್ಲಿ ಸ್ವಾಗತಿಸಿ, ಒಳಗಿನಿಂದ ಕುರ್ಚಿ ತರಿಸಿ, ಅಂಗಳದ ಕಡೆ ಹಾಕಿಸಿದರು. ಅದೇ ಹೊತ್ತಿಗೆ ಬಂದ ಪಕ್ಕದ ಮನೆಯ ಹುಡುಗನಿಗೆ ಅವರು ತಲೆ ಎತ್ತದೆ “ಬಾರಾ, ಅತ್ಲಾಗೆ ಸರ್ಕ” ಎಂದಷ್ಟೇ ಹೇಳಿದರು. ಕವಳದ ತಬಕು ಜಮಖಾನೆಯ ಮೇಲೆ ಕೈಯಿಂದ ಕೈಗೆ ಜಾರುತ್ತ ಹೋಗುತ್ತಿತ್ತು. ಒಬ್ಬರು ಎಲೆಯ ತೊಟ್ಟು ಮುರಿದು ಸುಣ್ಣ ಹಚ್ಚುವಷ್ಟರಲ್ಲಿ ಇನ್ನೊಬ್ಬರು ಅಡಕತ್ತರಿ ಎಳೆದುಕೊಳ್ಳುತ್ತಿದ್ದರು. ಕುರ್ಚಿಯ ಎತ್ತರಕ್ಕೆ ಆ ತಬಕು ಬರುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೇರೊಂದು ಸ್ಟೀಲ್ ತಟ್ಟೆಯಲ್ಲಿ, ಅಂದವಾಗಿ ಮಡಚಿ ಲವಂಗ ಚುಚ್ಚಿದ ಎರಡು ಬೀಡ ಬಂದವು. ಗೃಹಸ್ಥರು ಒಂದನ್ನು ಬಾಯಿಗಿಟ್ಟುಕೊಂಡರು. ಅವರು ಆ ಹಿಂದಿನ ವರ್ಷವಿಡೀ ಕವಳ ಹಾಕುವುದನ್ನು, ಎಷ್ಟು ಸುಣ್ಣ, ಎಷ್ಟು ತಂಬಾಕು ಎಂದು, ತಮ್ಮ ಡ್ರೈವರ್‌ನಿಂದ ಕಲಿತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಮನೆಯೊಳಗೆ ನಡೆದ ಬದಲಾವಣೆ ಇನ್ನೂ ಹೆಚ್ಚಿನದು. ತೋಟ ಕೊಂಡ ಮರುವರ್ಷವೇ ಮನೆಯಲ್ಲಿ ಮೀನು ನಿಂತಿತು. ಬಂಗಡೆ ಸಾರಿಲ್ಲದೆ ಅನ್ನ ಇಳಿಯದ ಮನೆಯಲ್ಲಿ ಬೆಳೆದ ಪತ್ನಿ, ತವರಿಗೆ ಹೋದಾಗ ಮಾತ್ರ ತಿಂದು ಬರುವಂತಾಯಿತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡಗಿನ ಅಧ್ಯಯನವನ್ನು 1952ರಲ್ಲಿ ಪ್ರಕಟಿಸಿ, ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದಕ್ಕೆ ಸಂಸ್ಕೃತೀಕರಣ ಎಂದು ಹೆಸರಿಟ್ಟರು. ಆ ಮಾತು ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಅದು ಒಂದು ಇಡೀ ಗುಂಪು ತಲೆಮಾರುಗಟ್ಟಲೆ ನಡೆಯುವ ದಾರಿ. ಇಲ್ಲಿ ಒಬ್ಬ ಮನುಷ್ಯ ತನ್ನ ಗುಂಪನ್ನು ಬಿಟ್ಟು ಒಂಟಿಯಾಗಿ ಹೊರಟಿದ್ದರು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹೇಳುವಂತೆ, ಸೇರಬಯಸುವ ಗುಂಪಿನ ನಡೆನುಡಿಯನ್ನು ಮುಂಚಿತವಾಗಿಯೇ ಅಭ್ಯಾಸ ಮಾಡಿಕೊಳ್ಳುವುದು, ಬಾಗಿಲು ತೆರೆದಿರುವ ಸಮಾಜದಲ್ಲಿ ಮಾತ್ರ ಮನುಷ್ಯನಿಗೆ ನೆರವಾಗುತ್ತದೆ. ಬಾಗಿಲು ಮುಚ್ಚಿದ್ದರೆ ಹೊಸ ಗುಂಪೂ ಸಿಗದೆ ಹಳೆಯದೂ ಉಳಿಯದೆ ಅವನು ನಡುವೆ ನಿಲ್ಲುತ್ತಾನೆ. ತೋಡೂರಿನ ಕಾಲೊನಿಯಲ್ಲಿ ನಡೆದ ಸೋದರಳಿಯನ ಮದುವೆಯಲ್ಲಿ ಇವರ ಎಲೆಗೆ ಮೀನು ಬಡಿಸಬಾರದೆಂದು ಮೊದಲೇ ಹೇಳಿಕಳಿಸಿದಾಗ, ಅಣ್ಣ ಎಲ್ಲರ ಎದುರಿಗೆ “ಭಟ್ಟರಿಗೆ ಬೇರೆ ಪಂಕ್ತಿ ಹಾಕಿ” ಎಂದು ನಕ್ಕರಂತೆ. ಆ ನಗು ಗೃಹಸ್ಥರಿಗೆ ದೇವಸ್ಥಾನದ ಪಟ್ಟಿಯಷ್ಟೇ ನೋವು ಕೊಟ್ಟಿದೆ.

ಮದ್ದಿನ ವಾರ

ಇಷ್ಟನ್ನು ಕೇಳಿದವರು ಇದನ್ನು ಜಾತಿಯ ಮತ್ತು ಹೊಸ ದುಡ್ಡಿನ ಹಳೆಯ ಕಥೆ ಎಂದು ಮುಗಿಸಬಹುದು. ನಾನೂ ಹಾಗೆಯೇ ಮುಗಿಸುತ್ತಿದ್ದೆನೇನೋ, ನೆರೆಯ ತೋಟದ ಯಜಮಾನರೊಂದಿಗೆ ಮಾತನಾಡದೇ ಇದ್ದಿದ್ದರೆ.

ಮಲೆನಾಡಿನ ತೋಟಿಗನಿಗೆ ವರ್ಷದ ಭಯವೆಲ್ಲ ಜೂನ್‌ನಿಂದ ಆಗಸ್ಟ್‌ವರೆಗೆ. ಮಳೆ ಹಿಡಿದರೆ ಕೊಳೆರೋಗ. ಎಳೆಯ ಕಾಯಿಗಳು ಕೊಳೆತು ರಾಶಿ ರಾಶಿ ಉದುರುತ್ತವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮಳೆ ಬಿರುಸಾಗುವ ಮೊದಲೊಮ್ಮೆ, ಅಲ್ಲಿಂದ ಆರು ವಾರದ ಸುಮಾರಿಗೆ ಇನ್ನೊಮ್ಮೆ ಕೊನೆಗಳಿಗೆ ಹೊಡೆಯಲೇಬೇಕು. ಹೊಡೆಯಬೇಕಾದವನು ಕೊನೆಗೌಡ, ಅವನು ಬಾರದೆ ಮಳೆಯ ಬಿಡುವು ತಪ್ಪಿತೆಂದರೆ ಆ ವರ್ಷದ ಬೆಳೆ ನೆಲದ ಮೇಲೆ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಹೊಡೆಯುವುದು ಸಾಧ್ಯವಾಗಿದೆಯಾದರೂ, ಎತ್ತರದ ಹಳೆಯ ಮರಗಳ ತೋಟಕ್ಕೆ ಇನ್ನೂ ಮರ ಹತ್ತುವವನೇ ಬೇಕು.

ಗೃಹಸ್ಥರು ಕೊನೆಗೌಡನನ್ನು ಹೆಚ್ಚು ಕೂಲಿಯ ಆಸೆ ತೋರಿಸಿ ಗೊತ್ತುಮಾಡಿದ್ದರು. ಆತ ಒಂದು ವರ್ಷ ಎರಡನೆಯ ಮದ್ದಿನ ಹೊತ್ತಿಗೆ ಬಿದ್ದು ಕಾಲು ಮುರಿದುಕೊಂಡ. ಮಳೆ ಒಂದೆರಡು ದಿನ ಮಾತ್ರ ಬಿಡುವು ಕೊಟ್ಟಿತ್ತು. ಗೃಹಸ್ಥರು ಯಾರನ್ನೂ ಕೇಳಲಿಲ್ಲ. ಕೇಳದಿದ್ದರೂ ನೆರೆಯ ಯಜಮಾನರಿಗೆ ಸುದ್ದಿ ತಲುಪಿತು. ಅವರು ತಮ್ಮ ತೋಟದ ಅರ್ಧ ಕೆಲಸ ಬಾಕಿ ಇರುವಾಗಲೇ ತಮ್ಮ ಕೊನೆಗೌಡನನ್ನು ಮದ್ದಿನ ಪಂಪಿನ ಸಮೇತ ಕಳಿಸಿಕೊಟ್ಟರು. ಇದು ಸಣ್ಣ ಉಪಕಾರವಲ್ಲ. ಮರುದಿನ ಮಳೆ ಮತ್ತೆ ಹಿಡಿದು ಯಜಮಾನರ ಉಳಿದರ್ಧ ತೋಟಕ್ಕೆ ಮದ್ದು ತಡವಾಯಿತು, ಅವರಿಗೆ ನಷ್ಟವೂ ಆಯಿತು.

ಆ ಮರುದಿನವೇ ಬೆಳಗ್ಗೆ ಎಂಟು ಗಂಟೆಯೊಳಗೆ ಗೃಹಸ್ಥರ ಡ್ರೈವರ್ ಯಜಮಾನರ ಅಂಗಳದಲ್ಲಿ ಕಾರು ನಿಲ್ಲಿಸಿ, ಎರಡು ಬಾಕ್ಸು ಕಾಜು ಕತ್ಲಿಯನ್ನೂ ಒಂದು ದಪ್ಪ ಲಕೋಟೆಯನ್ನೂ ಕೊಟ್ಟುಹೋದ. ಯಜಮಾನರು ಲಕೋಟೆಯನ್ನು ಹಿಂದಕ್ಕೆ ಕಳಿಸಲಿಲ್ಲ, ಕೊನೆಗೌಡನಿಗೆ ಕೊಟ್ಟರು. ಆದರೆ ಆ ಮಳೆಗಾಲದಲ್ಲಿ ಮತ್ತೆ ಅವರು ಗೃಹಸ್ಥರ ತೋಟದ ಕಡೆ ತಲೆ ಹಾಕಲಿಲ್ಲ. ನನ್ನೊಡನೆ ಅವರು ಹೇಳಿದ್ದು ಒಂದೇ ಮಾತು: “ಎಂಗೆ ಕೂಲಿ ಕೊಟ್ಟಾಂಗಾತು, ಮಾರಾಯ.”

ಕೊಡುಗೆಯ ಬಗ್ಗೆ 1925ರಲ್ಲಿ ಬರೆದ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್, ಕೊಡುವುದು, ಪಡೆಯುವುದು, ಮರಳಿಸುವುದು ಎಂಬ ಮೂರೂ ಕರ್ತವ್ಯಗಳೇ ಎಂದು ತೋರಿಸಿದರು. ಅವರ ನಂತರ ಪಿಯರ್ ಬೋರ್ದ್ಯೂ ಅದಕ್ಕೆ ಕಾಲದ ಲೆಕ್ಕ ಸೇರಿಸಿ, ಪಡೆದದ್ದನ್ನು ಕೂಡಲೇ ಮರಳಿಸುವುದು ಸಂಬಂಧವನ್ನು ನಿರಾಕರಿಸಿದಂತೆಯೇ ಎಂದರು. ತೋಟಿಗರಿಗೆ ಇದನ್ನು ಫ್ರಾನ್ಸಿನವರು ಹೇಳಿಕೊಡಬೇಕಿರಲಿಲ್ಲ. ನಮ್ಮಲ್ಲಿ ಮುಯ್ಯಾಳಿಗೆ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸವೆಂಬ ಲೆಕ್ಕದಲ್ಲಿ ದುಡಿಯಲು, ಹೋದವನು ಅದೇ ವಾರ ತನ್ನ ಮುಯ್ಯಿ ಕೇಳುವುದಿಲ್ಲ, ಕೊಡಬೇಕಾದವನೂ ಅವಸರ ಮಾಡುವುದಿಲ್ಲ. ನಡುವಿನ ಆ ಬಾಕಿಯ ಬಲದಿಂದಲೇ ಇಬ್ಬರೂ ಒಬ್ಬರ ಅಂಗಳಕ್ಕೊಬ್ಬರು ಸಲೀಸಾಗಿ ಬಂದುಹೋಗುತ್ತಾರೆ. ಗೃಹಸ್ಥರಿಗೆ ಬಾಕಿಯೆಂದರೆ ಲಾರಿ ಧಂದೆಯ ಬಾಕಿ, ಇನ್ನೂ ಹಿಂದೆ ಹೋದರೆ ಕಚೇರಿಯ ಮೊಗಸಾಲೆಯಲ್ಲಿ ಅಪ್ಪ ಕೈಮುಗಿದು ಕಾದ ಬಾಕಿ. ಒಂದು ರಾತ್ರಿ ಅದು ತಲೆಯ ಮೇಲಿದ್ದರೂ ಅವರಿಗೆ ನಿದ್ರೆ ಬಾರದು. ಸೊಸೈಟಿಯಲ್ಲಿ ಅವರು ತೆಗೆದ ಬೆಳೆಸಾಲವೂ ಯಾರ ಜಾಮೀನಿನ ಮೇಲೂ ಇರಲಿಲ್ಲ. ತಮ್ಮದೇ ಠೇವಣಿಯ ಮೇಲೆ ತೆಗೆದಿದ್ದರು. ಕಾರ್ಯದರ್ಶಿ ಇದನ್ನು ಮೆಚ್ಚಿ ಹೇಳಿದರು. ಊರಿನ ಯಾರೊಬ್ಬರಿಗೂ ಅವರ ಮೇಲೆ ಏನೊಂದೂ ಹಕ್ಕಿಲ್ಲವೆಂದು ಅದರ ಅರ್ಥವೆಂಬುದು ಮೆಚ್ಚಿದವರಿಗೆ ಹೊಳೆಯಲಿಲ್ಲ.

ಹೀಗೆ ನೋಡಿದರೆ ದೇಣಿಗೆಗಳ ಅರ್ಥವೇ ಬೇರೆಯಾಗುತ್ತದೆ. ಅವರು ಕೊಟ್ಟದ್ದನ್ನು ಊರು ಶಾಲು ಹೊದೆಸಿ ಅಂದಂದೇ ಚುಕ್ತಾ ಮಾಡಿತು; ಊರು ಕೊಟ್ಟ ಒಂದೇ ಒಂದು ನಿಜವಾದ ಉಪಕಾರವನ್ನು ಅವರು ಲಕೋಟೆ ಕೊಟ್ಟು ಮರುದಿನವೇ ಚುಕ್ತಾ ಮಾಡಿದರು. ಆದರೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಗೃಹಸ್ಥರು ಮಾಡಿದ್ದರ ಹಿಂದೆ ಭಯವಿತ್ತು. ಊರು ಮಾಡಿದ್ದರ ಹಿಂದೆ ಅನುಕೂಲವಿತ್ತು. ನಾಲ್ಕು ಗೋಡೆಯೊಳಗೆ ಮಾತನಾಡುವಾಗ ಸಮಿತಿಯ ಹಿರಿಯರೊಬ್ಬರು, ಅವರನ್ನು ಸದಸ್ಯರ ಸಾಲಿಗೆ ತಂದರೆ ಸಂತರ್ಪಣೆಯ ದಿನ ಒಳಗಿನ ಅಡುಗೆಮನೆಯ ಪ್ರಶ್ನೆ ಏಳುತ್ತದೆ ಎಂದು ಸಂಕೋಚವಿಲ್ಲದೆ ಹೇಳಿದರು. ‘ಗೌರವ’ ಎಂಬ ವಿಶೇಷಣ ಹಾಕಿ ಆ ಪ್ರಶ್ನೆ ಏಳದಂತೆ ಮಾಡಿದ್ದು ಅವರದೇ ಉಪಾಯವಂತೆ. ಕೇಳುವುದನ್ನು ಕಲಿಯಬೇಕಾದವರು ಗೃಹಸ್ಥರು ಎಂದು ಅವರ ಮನೆಯಲ್ಲಿ ಕುಳಿತು ನಾನು ಹೇಳಿದ್ದು ನಿಜ. ಕೇಳಿದರೂ ಕೆಲವು ಬಾಗಿಲು ತೆರೆಯುವುದಿಲ್ಲವೆಂದೂ ಅದೇ ದಿನ ಹೇಳಿದ್ದೇನೆ.

ಮಗಳು

ಮಗಳ ವಿಷಯ ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಐದನೆಯ ತರಗತಿಯಿಂದ ಶಿರಸಿಯಲ್ಲೇ ಓದಿದ ಆಕೆ ಗೆಳತಿಯರೊಡನೆ ಅವರ ಮನೆಯ ಭಾಷೆಯಲ್ಲೇ ಮಾತನಾಡುತ್ತಾಳೆ, ಅಜ್ಜಿಗೆ ಕೊಂಕಣಿಯಲ್ಲಿ ಫೋನ್ ಮಾಡುತ್ತಾಳೆ, ಹುಬ್ಬಳ್ಳಿಯಿಂದ ರಜೆಗೆ ಬರುವಾಗ ಅಪ್ಪನಿಗೆ ಹೇಳದೆ ಅಮ್ಮನಿಗಾಗಿ ಒಣಮೀನು ತರುತ್ತಾಳೆ. ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದ ಅದೇ ಮನೆಯ ಬಗ್ಗೆ ಆಕೆ ನನಗೆ, “ನಾ ಅಲ್ಲಿ ಫ್ರಿಜ್ ತೆಗೆದು ನಾನೇ ಮಜ್ಜಿಗೆ ಹಾಕ್ಕೊಂಡು ಕುಡೀತೆ ಸರ್, ಅದರಲ್ಲೇನಿದೆ?” ಎಂದಳು. ಆ ಮನೆಯ ಹಿರಿಯರು ಈಗಿಲ್ಲ, ಸೊಸೆ ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವಳು ಎಂಬುದನ್ನೂ ಸೇರಿಸಿ ಈ ಮಾತನ್ನು ಓದಬೇಕು. ತಂದೆಗೆ ಸಿಗದದ್ದು ಮಗಳಿಗೆ ಸಿಕ್ಕಿದೆ ಎಂದು ನಾನು ಹೇಳಿದಾಗ ಗೃಹಸ್ಥರಿಗೆ ಸಮಾಧಾನವಾಗಲಿಲ್ಲ. “ಅದಕ್ಕೆ ಅದು ಬೇಕಂತಲೇ ಇರ್ಲಿಲ್ಲ” ಎಂದರು. ಅವರು ಹೇಳಿದ್ದರಲ್ಲಿ ಹುರುಳಿದೆ. ಹತ್ತು ವರ್ಷ ಹಂಬಲಿಸಿದವನಿಗೆ, ಹಂಬಲಿಸದವರಿಗೆ ಸಿಕ್ಕಿದ್ದನ್ನು ತನ್ನದೆಂದು ಎಣಿಸಲು ಆಗುವುದಿಲ್ಲ.

ಈಗಿನ ಸ್ಥಿತಿ

ಔಷಧಿಯಿಂದಲೂ ಕಾಲದಿಂದಲೂ ಗೃಹಸ್ಥರು ಮನೆಯಿಂದ ಹೊರಗೆ ಬರತೊಡಗಿದ್ದಾರೆ. ಗೌರವ ಪೋಷಕರ ಹುದ್ದೆಗೆ ರಾಜೀನಾಮೆ ಕೊಟ್ಟಿಲ್ಲ. ಕೊಟ್ಟರೆ ಕೋಪಗೊಂಡರೆಂದು ಊರಿಗೆ ಮಾತಾಗುತ್ತದೆ, ಅದು ಬೇಡ ಎಂದರು. ಮನೆಯಲ್ಲಿ ಮೀನು ಮತ್ತೆ ಶುರುವಾಗಿದೆ. ಇದು ಪತ್ನಿಯ ತೀರ್ಮಾನ, ನನ್ನ ಸಲಹೆಯಲ್ಲ. ಪತ್ನಿಗೆ ಒಟ್ಟಿನಲ್ಲಿ ಘಟ್ಟ ಇಳಿದು ಹೋಗಿಬಿಡುವುದೇ ಸರಿ ಎನ್ನಿಸಿದೆ.

ಕಳೆದ ಮಳೆಗಾಲಕ್ಕೆ ಮುಂಚೆ ಗೃಹಸ್ಥರು ನೆರೆಯ ಯಜಮಾನರ ಮನೆಗೆ ತಾವೇ ನಡೆದುಹೋಗಿ, ಮದ್ದು ಹೊಡೆಯಲು ಕೊನೆಗೌಡನ ಸರದಿಯಲ್ಲಿ ತಮಗೂ ಎರಡು ದಿನ ಕೊಡಬೇಕೆಂದು ಕೇಳಿದರು. ಕೇಳಲು ಹೊರಟಾಗ ಅಂಗೈ ಬೆವರಿತ್ತೆಂದು ಆಮೇಲೆ ನನಗೆ ಹೇಳಿದರು. ಯಜಮಾನರು ಆಸರಿಗೆ (ಕುಡಿಯಲು) ಕೊಟ್ಟು, ಹಳೆಯ ಲಕೋಟೆಯ ಪ್ರಸ್ತಾಪವೆತ್ತದೆ, ದಿನ ಗೊತ್ತುಮಾಡಿದರು. ಈ ಬಾರಿ ಲಕೋಟೆ ಹೋಗಲಿಲ್ಲ. ಕೊನೆಗೌಡನಿಗೆ ಕೂಲಿ ಸಂದಿತು, ಯಜಮಾನರಿಗೆ ಏನೂ ಸಲ್ಲಲಿಲ್ಲ.

ದೀಪಾವಳಿ ಕಳೆದ ಮೇಲೆ ಅದೇ ಯಜಮಾನರು ಗೃಹಸ್ಥರ ಮನೆಗೆ ಬಂದರು. ಮಗನ ಮನೆ ಕಟ್ಟುವ ಸಾಲಕ್ಕೆ ಸೊಸೈಟಿಯಲ್ಲಿ ಇಬ್ಬರು ಸದಸ್ಯರ ಜಾಮೀನು ಬೇಕಾಗಿತ್ತು, ಒಬ್ಬರು ಸಿಕ್ಕಿದ್ದರು, ಇನ್ನೊಬ್ಬರಾಗಿ ಇವರು ಸಹಿ ಹಾಕಬಹುದೇ ಎಂಬುದು ಅವರ ಕೇಳಿಕೆ. ಯಜಮಾನರ ತೋಟದಲ್ಲಿ ಎರಡು ವರ್ಷದಿಂದ ಎಲೆಚುಕ್ಕಿ ರೋಗವಿದೆ, ಬೆಳೆ ಇಳಿದಿದೆ, ಹಳೆಯ ಸಾಲವೊಂದು ಇನ್ನೂ ತೀರಿಲ್ಲ. ಗೃಹಸ್ಥರು ನನಗೆ ಫೋನ್ ಮಾಡಿ ಕೇಳಿದಾಗ ನಾನು ಸಹಿ ಹಾಕಬೇಡಿ ಎಂದೆ, ಪತ್ನಿಯೂ ಅದನ್ನೇ ಹೇಳಿದ್ದರು. ಅವರು ಮರುದಿನ ಸೊಸೈಟಿಗೆ ಹೋಗಿ ಸಹಿ ಹಾಕಿ ಬಂದರು. ಸಾಲದ ಮೊದಲ ಕಂತು ಬರುವ ಮಾರ್ಚಿಗೆ ತುಂಬಬೇಕು, ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿದೆ.